ಎಲೆ ಚಹಾನಾ, ಟೀ ಬ್ಯಾಗಾ? ಬಿಸಿನೀರಿನಲ್ಲಿ ನಡೆಯುವುದೇನು

ಟೀ ಬ್ಯಾಗ್ ಅನ್ನು ಬಿಸಿನೀರಿನಲ್ಲಿ ಅದ್ದಿದರೆ ಕೋಟಿಗಟ್ಟಲೆ ಪ್ಲಾಸ್ಟಿಕ್ ಕಣಗಳು ಹೊಟ್ಟೆಗೆ ಹೋಗುತ್ತವೆ ಎಂಬ ಸುದ್ದಿ ಆಗಾಗ ಮೊಬೈಲಿಗೆ ಬರುತ್ತಲೇ ಇರುತ್ತದೆ. ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: ಬ್ಯಾಗಿನೊಳಗೆ ತುಂಬುವುದು ಕಾರ್ಖಾನೆಯ ನೆಲ ಗುಡಿಸಿದ ಧೂಳು, ನಿಜವಾದ ಚಹಾ ಬೇಕಿದ್ದರೆ ಬಿಡಿ ಎಲೆಯನ್ನೇ ಕೊಳ್ಳಬೇಕು. ಇದನ್ನು ಓದಿದವರಿಗೆ ಗಲಿಬಿಲಿ ಆಗುವುದು ಸಹಜ. ದಿನಾ ಕುಡಿಯುವ ವಸ್ತು, ಅಲ್ವಾ?

ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ಬ್ಯಾಗನ್ನು ಮಾಡಿದ ವಸ್ತುವಿನ ಬಗ್ಗೆ. ಇನ್ನೊಂದು ಒಳಗಿನ ಚಹಾದ ಬಗ್ಗೆ. ಇವೆರಡರ ಜೊತೆ ಯಾರೂ ಅಷ್ಟಾಗಿ ಕೇಳದ ಮೂರನೆಯ ಪ್ರಶ್ನೆಯೂ ಇದೆ: ನೆನೆಯುವಾಗ ಎಲೆಗೆ ಅರಳಲು ಜಾಗ ಎಷ್ಟು ಸಿಗುತ್ತದೆ? ರುಚಿಯಲ್ಲಿ ಕಾಣುವ ವ್ಯತ್ಯಾಸ ಹೆಚ್ಚಾಗಿ ಹುಟ್ಟುವುದು ಒಳಗಿನ ಚಹಾ ಮತ್ತು ಈ ಜಾಗದಿಂದ. ಪ್ಲಾಸ್ಟಿಕ್ಕಿನ ಪ್ರಶ್ನೆ ಬ್ಯಾಗಿನ ಬಟ್ಟೆಗೆ ಸೇರಿದ್ದು. ಎಲ್ಲವನ್ನೂ ಒಟ್ಟಿಗೆ ಕಲಸಿದರೆ ಉತ್ತರ ಸಿಗುವುದಿಲ್ಲ.

ಗಿಡ ಒಂದೇ

ಕಪ್ಪು ಚಹಾ, ಹಸಿರು ಚಹಾ, ಬಿಳಿ ಚಹಾ, ಊಲಾಂಗ್ – ಎಲ್ಲವೂ ಕಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಜಾತಿಯ ಗಿಡದಿಂದ ಬರುತ್ತವೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಸಣ್ಣ ಎಲೆಯ ಚೀನಾ ಬಗೆ ಒಂದು, ಅಗಲ ಎಲೆಯ ಅಸ್ಸಾಂ ಬಗೆ ಇನ್ನೊಂದು. ಶುಂಠಿ, ಪುದೀನ, ದಾಸವಾಳದ 'ಟೀ'ಗಳು ಈ ಗಿಡದವಲ್ಲ. ಅವುಗಳನ್ನು ಇಲ್ಲಿ ಬದಿಗಿಡೋಣ.

ಕೊಯ್ಯುವುದು ಚಿಗುರನ್ನು: ಸಾಮಾನ್ಯವಾಗಿ ಎರಡು ಎಲೆ, ಒಂದು ಮೊಗ್ಗು. ಹಸಿ ಚಿಗುರಿನ ಮುಕ್ಕಾಲು ಪಾಲು ಬರೀ ನೀರು. ಅದನ್ನು ಬಾಡಿಸಿ, ಹೊಸಕಿ, ಒಣಗಿಸಿದ ಮೇಲೆ ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆಯಿಂದ ಒಂದು ಕಿಲೋ ಚಹಾ ಸಿಗುತ್ತದೆ.

ಬಣ್ಣ ಬೇರೆ ಬೇರೆ ಯಾಕೆ? ಹಸಿ ಎಲೆಯ ಜೀವಕೋಶದಲ್ಲಿ ಕ್ಯಾಟೆಚಿನ್ ಎಂಬ ಒಗರು ಪದಾರ್ಥಗಳು ಇರುತ್ತವೆ. ಅವನ್ನು ಬದಲಾಯಿಸಬಲ್ಲ ಕಿಣ್ವವೂ ಅದೇ ಕೋಶದಲ್ಲಿರುತ್ತದೆ, ಆದರೆ ಬೇರೆ ಕಡೆ. ಎಲೆಯನ್ನು ಹೊಸಕಿದಾಗ ಗೋಡೆಗಳು ಒಡೆದು ಎರಡೂ ಸೇರುತ್ತವೆ. ಗಾಳಿಯ ಆಮ್ಲಜನಕ ಸಿಕ್ಕಿದ ಕೂಡಲೇ ಕ್ಯಾಟೆಚಿನ್‌ಗಳು ಥಿಯಾಫ್ಲೇವಿನ್ ಮತ್ತು ಥಿಯಾರುಬಿಜಿನ್ ಎಂಬ ಹೊಸ ಪದಾರ್ಥಗಳಾಗಿ ಬದಲಾಗುತ್ತವೆ. ಮೊದಲನೆಯದರಿಂದ ಹೊಂಬಣ್ಣದ ಹೊಳಪು ಮತ್ತು ಚುರುಕು. ಎರಡನೆಯದರಿಂದ ಕೆಂಪು-ಕಂದು ಬಣ್ಣ ಮತ್ತು ಗಟ್ಟಿತನ. ಈ ಕ್ರಿಯೆಯನ್ನು ಪೂರ್ತಿ ನಡೆಯಲು ಬಿಟ್ಟರೆ ಕಪ್ಪು ಚಹಾ. ಅರ್ಧದಲ್ಲಿ ನಿಲ್ಲಿಸಿದರೆ ಊಲಾಂಗ್. ಶುರುವಿನಲ್ಲೇ ಎಲೆಗೆ ಬಿಸಿ ತಾಗಿಸಿ ಕಿಣ್ವದ ಕೆಲಸ ನಿಲ್ಲಿಸಿದರೆ ಹಸಿರು ಚಹಾ.

ಸುರುಳಿ ಎಲೆ ಮತ್ತು ಸಿಟಿಸಿ ಕಾಳು

ಕಪ್ಪು ಚಹಾವನ್ನು ಮಾಡುವ ಕ್ರಮಗಳು ಎರಡು. ಬ್ಯಾಗಿನ ವಿಷಯ ಅರ್ಥವಾಗಬೇಕಾದರೆ ಇದು ಗೊತ್ತಿರಲೇಬೇಕು.

ಹಳೆಯ ಕ್ರಮಕ್ಕೆ ಆರ್ಥೊಡಾಕ್ಸ್ ಎನ್ನುತ್ತಾರೆ. ಬಾಡಿದ ಎಲೆಯನ್ನು ಯಂತ್ರದಲ್ಲೋ ಕೈಯಲ್ಲೋ ಉರುಳಿಸಿ ತಿರುಚುತ್ತಾರೆ. ಎಲೆ ಹೆಚ್ಚು ಚೂರಾಗುವುದಿಲ್ಲ, ಸುರುಳಿಯಾಗುತ್ತದೆ. ಬಿಸಿನೀರಿಗೆ ಹಾಕಿದರೆ ಆ ಸುರುಳಿ ಬಿಚ್ಚಿಕೊಂಡು ಮತ್ತೆ ಎಲೆಯ ಆಕಾರ ಕಾಣಿಸುತ್ತದೆ. ಡಾರ್ಜಿಲಿಂಗ್ ಚಹಾ ಹೀಗೆಯೇ ತಯಾರಾಗುವುದು. ಶ್ರೀಲಂಕಾದ ಬಹುಪಾಲು ಚಹಾ ಕೂಡ.

ಎರಡನೆಯದು ಸಿಟಿಸಿ, ಅಂದರೆ ಕ್ರಶ್, ಟೇರ್, ಕರ್ಲ್. ಅರೆಯುವುದು, ಹರಿಯುವುದು, ಸುರುಟುವುದು – ಮೂರೂ ಒಟ್ಟಿಗೆ. ಹಲ್ಲುಗಳಿರುವ ಎರಡು ಉಕ್ಕಿನ ರೋಲರ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುತ್ತವೆ. ನಡುವೆ ಸಿಕ್ಕ ಎಲೆ ನುಜ್ಜುಗುಜ್ಜಾಗಿ ಸಣ್ಣ ಕಾಳಾಗುತ್ತದೆ. 1930ರ ದಶಕದಲ್ಲಿ ಅಸ್ಸಾಂನಲ್ಲಿ ವಿಲಿಯಂ ಮೆಕರ್ಚರ್ ಎಂಬವರು ಈ ಯಂತ್ರವನ್ನು ರೂಪಿಸಿದರು. ಎಲೆಯ ಕೋಶಗಳೆಲ್ಲ ಒಡೆಯುವುದರಿಂದ ಬಣ್ಣ ಬೇಗ ಬರುತ್ತದೆ, ರುಚಿ ಕಡಕ್ ಆಗಿರುತ್ತದೆ. ಇವತ್ತು ಭಾರತ ಮತ್ತು ಕೀನ್ಯಾದಲ್ಲಿ ತಯಾರಾಗುವ ಚಹಾದಲ್ಲಿ ಹೆಚ್ಚಿನ ಪಾಲು ಸಿಟಿಸಿಯದೇ.

ಇಲ್ಲಿ ಒಂದು ವಿಷಯ ಗಮನಿಸಿ. ಪೊಟ್ಟಣದಲ್ಲಿ ಬಿಡಿಯಾಗಿ ಬರುವ ಟೀ ಪುಡಿಯೂ ಬಹುಮಟ್ಟಿಗೆ ಸಿಟಿಸಿ. ಸಾಮಾನ್ಯ ಟೀ ಬ್ಯಾಗಿನೊಳಗೆ ಇರುವುದೂ ಹೆಚ್ಚಾಗಿ ಅದೇ, ಇಲ್ಲವೇ ಅಷ್ಟೇ ಸಣ್ಣದಾಗಿ ಒಡೆದ ಆರ್ಥೊಡಾಕ್ಸ್ ಚಹಾ. ಹಾಗಾಗಿ ಬಿಡಿ ಪುಡಿ ಕುಡಿಯುವವರು 'ಬ್ಯಾಗಿನದು ಕೀಳು, ನಮ್ಮದು ಮೇಲು' ಎಂದರೆ ಅದಕ್ಕೆ ಅರ್ಥವಿಲ್ಲ. ಬಿಡಿಯಾಗಿದೆ ಎಂದಮಾತ್ರಕ್ಕೆ ಅದು ಎಲೆ ಚಹಾ ಆಗುವುದಿಲ್ಲ. ನಿಜವಾದ ಹೋಲಿಕೆ ಇಡೀ ಎಲೆಯ ಚಹಾಕ್ಕೂ ಸಣ್ಣ ಕಣದ ಚಹಾಕ್ಕೂ ನಡುವಿನದು.

ಜರಡಿ ಬೇರ್ಪಡಿಸುವ ದರ್ಜೆಗಳು

ಒಣಗಿದ ಚಹಾವನ್ನು ಕಾರ್ಖಾನೆಯಲ್ಲಿ ಜರಡಿ ಹಿಡಿಯುತ್ತಾರೆ. ಆರ್ಥೊಡಾಕ್ಸ್ ಚಹಾದಲ್ಲಿ ಮೇಲೆ ಉಳಿಯುವುದು ಇಡೀ ಎಲೆ. ಅದಕ್ಕೆ ಆರೆಂಜ್ ಪೀಕೋ, ಅಂದರೆ ಓಪಿ ಎಂಬ ಹೆಸರು. ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಅದರ ಕೆಳಗೆ ಒಡೆದ ಎಲೆ, ಬಿಓಪಿ. ಅದಕ್ಕಿಂತ ಸಣ್ಣದು ಫ್ಯಾನಿಂಗ್ಸ್, ಸುಮಾರು ಒಂದು ಮಿಲಿಮೀಟರ್ ಆಸುಪಾಸಿನ ತುಣುಕು. ಎಲ್ಲಕ್ಕಿಂತ ಕೆಳಗೆ ಇಳಿಯುವುದು ಡಸ್ಟ್.

ನೆಲ ಗುಡಿಸಿದ ಧೂಳು ಎಂಬ ಗುಲ್ಲು ಹುಟ್ಟಿದ್ದು ಈ ಕೊನೆಯ ಹೆಸರಿನಿಂದ ಇರಬೇಕು. ಆದರೆ ಡಸ್ಟ್ ಎನ್ನುವುದು ಜರಡಿಯ ಒಂದು ಅಳತೆ, ಅಷ್ಟೇ. ಹರಾಜಿನಲ್ಲಿ ಅದಕ್ಕೂ ತನ್ನದೇ ದರ್ಜೆಗಳಿವೆ, ತನ್ನದೇ ಕೊಳ್ಳುವವರಿದ್ದಾರೆ. ದರ್ಜೆ ಹೇಳುವುದು ಕಣದ ಗಾತ್ರವನ್ನು, ಗುಣವನ್ನಲ್ಲ. ಒಳ್ಳೆಯ ತೋಟದ ಒಳ್ಳೆಯ ಹಂಗಾಮಿನ ಫ್ಯಾನಿಂಗ್ಸ್, ಸಾಧಾರಣ ತೋಟದ ಇಡೀ ಎಲೆಗಿಂತ ಚೆನ್ನಾಗಿರಬಹುದು.

ಹಾಗಿದ್ದರೆ ಬ್ಯಾಗಿಗೆ ಸಣ್ಣ ಕಣವನ್ನೇ ಯಾಕೆ ತುಂಬುತ್ತಾರೆ? ಮೊದಲ ಕಾರಣ ಯಂತ್ರ. ಬ್ಯಾಗ್ ತುಂಬುವ ಯಂತ್ರ ನಿಮಿಷಕ್ಕೆ ನೂರಾರು ಬ್ಯಾಗುಗಳಿಗೆ ಒಂದೇ ತೂಕ ಅಳೆದು ಹಾಕಬೇಕು. ಅದಕ್ಕೆ ಮರಳಿನಂತೆ ಸರಾಗವಾಗಿ ಸುರಿಯುವ, ಒಂದೇ ಗಾತ್ರದ ಕಣ ಬೇಕು. ಉದ್ದುದ್ದ ಸುರುಳಿ ಎಲೆ ಸಿಕ್ಕಿಕೊಳ್ಳುತ್ತದೆ, ತೂಕ ಏರುಪೇರಾಗುತ್ತದೆ. ಎರಡನೆಯದು ಬ್ಯಾಗ್ ಕೊಳ್ಳುವವರ ಅವಸರ. ಎರಡು ಮೂರು ನಿಮಿಷದಲ್ಲಿ ಗಾಢ ಬಣ್ಣ ಬರಬೇಕೆಂದರೆ ಕಣ ಸಣ್ಣದಿರಲೇಬೇಕು.

ಮೂರನೆಯದು ಮಿಶ್ರಣ. ದೊಡ್ಡ ಬ್ರ್ಯಾಂಡುಗಳು ಹಲವು ತೋಟಗಳ ಚಹಾಗಳನ್ನು ಬೆರೆಸಿ ವರ್ಷವಿಡೀ ಒಂದೇ ರುಚಿ ಬರುವಂತೆ ನೋಡಿಕೊಳ್ಳುತ್ತವೆ. ಇದು ಸುಮ್ನೆ ಆಗುವ ಕೆಲಸವಲ್ಲ, ಪಳಗಿದ ನಾಲಿಗೆಗಳು ಬೇಕು. ಆದರೆ ಒಂದೇ ತೋಟದ, ಒಂದೇ ಹಂಗಾಮಿನ ವಿಶೇಷ ರುಚಿ ಹುಡುಕುವವರಿಗೆ ಇಂತಹ ಮಿಶ್ರಣದಲ್ಲಿ ಅದು ಸಿಗುವುದಿಲ್ಲ.

ಸಣ್ಣ ಕಣ ಬೇಗ ರಸ ಬಿಡುವುದೇಕೆ

ಕಲ್ಲುಸಕ್ಕರೆಯ ತುಂಡೊಂದನ್ನೂ ಅಷ್ಟೇ ತೂಕದ ಪುಡಿ ಸಕ್ಕರೆಯನ್ನೂ ನೀರಿಗೆ ಹಾಕಿದರೆ ಯಾವುದು ಬೇಗ ಕರಗುತ್ತದೆ ಎಂದು ಎಲ್ಲರಿಗೂ ಗೊತ್ತು. ಕಾರಣ ಮೈ. ನೀರು ತಾಗುವ ಮೈ ಹೆಚ್ಚಿದಷ್ಟೂ ಕೆಲಸ ಬೇಗ.

ಲೆಕ್ಕ ಹಾಕಿಯೇ ನೋಡಬಹುದು. ಒಂದು ಸೆಂಟಿಮೀಟರ್ ಬದಿಯ ಘನಕ್ಕೆ ಆರು ಮುಖ, ಒಟ್ಟು 6 ಚದರ ಸೆಂಟಿಮೀಟರ್ ಮೈ. ಅದನ್ನೇ ಒಂದೊಂದು ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ 1000 ತುಣುಕು, ಒಟ್ಟು ಮೈ 60 ಚದರ ಸೆಂಟಿಮೀಟರ್. ವಸ್ತು ಅಷ್ಟೇ, ಮೈ ಹತ್ತು ಪಟ್ಟು. ಜೊತೆಗೆ ಇನ್ನೊಂದು ಲಾಭವೂ ಇದೆ. ಎಲೆಯ ಒಳಗಿನ ಪದಾರ್ಥ ಹೊರಗಿನ ನೀರಿಗೆ ಬರಲು ಸಾಗಬೇಕಾದ ದಾರಿ ಸಣ್ಣ ಕಣದಲ್ಲಿ ತೀರಾ ಕಡಿಮೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಸಾಯನಶಾಸ್ತ್ರಜ್ಞ ಮೈಕೆಲ್ ಸ್ಪೈರೋ 1980ರ ದಶಕದಲ್ಲಿ ಚಹಾ ನೆನೆಯುವ ವೇಗವನ್ನೇ ಅಧ್ಯಯನದ ವಿಷಯವಾಗಿ ತೆಗೆದುಕೊಂಡು, ಯಾವ ಪದಾರ್ಥ ಎಷ್ಟು ಬೇಗ ಹೊರಬರುತ್ತದೆ ಎಂದು ಅಳೆದರು. ಕೆಫೀನ್ ಪುಟ್ಟ ಅಣು, ಬೇಗ ಬರುತ್ತದೆ. ಥಿಯಾರುಬಿಜಿನ್‌ನಂತಹ ದೊಡ್ಡ ಅಣುಗಳು ನಿಧಾನ. ಅಂದರೆ ಎಲ್ಲ ಪದಾರ್ಥಗಳೂ ಒಂದೇ ಹೊತ್ತಿಗೆ ನೀರಿಗೆ ಇಳಿಯುವುದಿಲ್ಲ. ಅವು ಇಳಿಯುವ ಸರದಿಯೇ ರುಚಿಯನ್ನು ತೀರ್ಮಾನಿಸುತ್ತದೆ.

ಇಡೀ ಎಲೆಯಲ್ಲಿ ಈ ಸರದಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಮೂರು ನಿಮಿಷಕ್ಕೆ ತೆಗೆದರೆ ಒಂದು ರುಚಿ, ನಾಲ್ಕಕ್ಕೆ ಇನ್ನೊಂದು, ಐದಕ್ಕೆ ಮತ್ತೊಂದು. ಅರ್ಧ ನಿಮಿಷ ಆಚೀಚೆ ಆದರೂ ತೊಂದರೆಯಿಲ್ಲ. ಸಣ್ಣ ಕಣದಲ್ಲಿ ಎಲ್ಲವೂ ಒಮ್ಮೆಲೇ ನುಗ್ಗುತ್ತದೆ. ಎರಡು ನಿಮಿಷಕ್ಕೆ ಸರಿಯಾಗಿದ್ದ ಚಹಾ ನಾಲ್ಕು ನಿಮಿಷಕ್ಕೆ ಕಹಿ, ಒಗರು. ಬ್ಯಾಗನ್ನು ಲೋಟದಲ್ಲೇ ಬಿಟ್ಟು ಮಾತಾಡುತ್ತ ಕುಳಿತರೆ ಆಗುವುದು ಇದೇ.

ಒಗರು ನಾಲಿಗೆಯ ರುಚಿ ಅನ್ನುವುದಕ್ಕಿಂತ ಒಂದು ಸ್ಪರ್ಶ. ಚಹಾದ ಪಾಲಿಫಿನಾಲ್‌ಗಳು, ಅಂದರೆ ಕ್ಯಾಟೆಚಿನ್, ಥಿಯಾಫ್ಲೇವಿನ್ ಮುಂತಾದ ಪದಾರ್ಥಗಳು, ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಜಾರುತ್ತಿದ್ದ ಬಾಯಿ ಒಣಗಿದಂತೆ, ಒರಟಾದಂತೆ ಅನಿಸುತ್ತದೆ. ಹಾಲು ಹಾಕಿದರೆ ಅವು ಜೊಲ್ಲಿನ ಬದಲು ಹಾಲಿನ ಕೇಸೀನ್ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ಒಗರು ಇಳಿಯುತ್ತದೆ. ಕಡಕ್ ಸಿಟಿಸಿಗೆ ಹಾಲು ಅಷ್ಟು ಚೆನ್ನಾಗಿ ಹೊಂದುವುದು ಇದಕ್ಕೇ. ನವಿರಾದ ಎಲೆ ಚಹಾಕ್ಕೆ ಹಾಲು ಸುರಿದರೆ ಅದರಲ್ಲಿ ಇದ್ದ ಸೂಕ್ಷ್ಮವೇ ಮುಳುಗಿಹೋಗುತ್ತದೆ. ಹಾಲು, ಸಕ್ಕರೆ ಹಾಕಿ ಕುದಿಸಿ ಕುಡಿಯುವವರು ದುಬಾರಿ ಇಡೀ ಎಲೆಗೆ ಹಣ ಹಾಕಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ. ಹಾಲಿಲ್ಲದೆ ಕುಡಿಯುವವರಿಗೆ ಆ ಹಣ ಸಾರ್ಥಕ.

ಸಣ್ಣ ಕಣ ಕಳೆದುಕೊಳ್ಳುವುದು ಪರಿಮಳವನ್ನು. ಹೂವಿನಂತಹ ವಾಸನೆ ಕೊಡುವ ಲಿನಲೂಲ್, ಜೆರಾನಿಯೋಲ್ ಮುಂತಾದವು ಬೇಗ ಆವಿಯಾಗುವ ಪದಾರ್ಥಗಳು. ಮೈ ಹೆಚ್ಚಿದ್ದರೆ ನೀರು ಬೇಗ ಒಳಹೋಗುವ ಹಾಗೆಯೇ ಗಾಳಿಯೂ ಒಳಹೋಗುತ್ತದೆ. ಡಬ್ಬದಲ್ಲಿ ಇದ್ದಾಗಲೇ ಪರಿಮಳ ಹಾರಿಹೋಗುತ್ತ ಇರುತ್ತದೆ. ಬಣ್ಣ ಮತ್ತು ಕಡಕ್‌ತನದಲ್ಲಿ ಬ್ಯಾಗ್ ಸೋಲುವುದಿಲ್ಲ. ಸೋಲುವುದು ವಾಸನೆಯಲ್ಲಿ.

ಎಲೆಗೆ ಬೇಕಾದ ಜಾಗ

ಒಣಗಿದ ಎಲೆ ನೀರು ಕುಡಿದು ಹಲವು ಪಟ್ಟು ಉಬ್ಬುತ್ತದೆ. ಅದರ ಸುತ್ತ ನೀರು ಓಡಾಡುತ್ತಿರಬೇಕು. ಯಾಕೆಂದರೆ ಎಲೆಯನ್ನು ಸುತ್ತಿಕೊಂಡಿರುವ ನೀರು ಗಾಢವಾದಂತೆ ಒಳಗಿನ ಪದಾರ್ಥ ಹೊರಬರುವ ವೇಗ ಕುಗ್ಗುತ್ತದೆ. ಗಾಢ ನೀರು ಸರಿದು ತಿಳಿ ನೀರು ಬಂದರೆ ಮತ್ತೆ ವೇಗ ಬರುತ್ತದೆ.

ಚಪ್ಪಟೆ ಬ್ಯಾಗಿನಲ್ಲಿ ಈ ಓಡಾಟಕ್ಕೆ ಅಡ್ಡಿ. ಕಣಗಳು ಒಂದರ ಮೇಲೊಂದು ಒತ್ತಿಕೊಂಡು ಮುದ್ದೆಯಾಗುತ್ತವೆ. ಮುದ್ದೆಯ ನಡುವಿನ ಕಣಗಳಿಗೆ ಹೊಸ ನೀರು ತಲುಪುವುದು ತಡ. ಸ್ಪೈರೋ ಜೊತೆ ಕೆಲಸ ಮಾಡಿದ್ದ ಡಿಯೋಗ್ರೇಷಿಯಸ್ ಜಗಾನ್ಯಿ ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಬ್ಯಾಗಿನ ಕಾಗದ, ಅದರ ಗಾತ್ರ ಮತ್ತು ಆಕಾರ ಚಹಾ ಇಳಿಯುವ ವೇಗವನ್ನು ಹೇಗೆ ಬದಲಿಸುತ್ತವೆ ಎಂದು ಪರೀಕ್ಷಿಸಿದರು. ಅದೇ ಚಹಾ ಬಿಡಿಯಾಗಿದ್ದಾಗ ಬೇಗ ಇಳಿಯುತ್ತದೆ, ಬ್ಯಾಗಿನೊಳಗೆ ನಿಧಾನವಾಗುತ್ತದೆ. ದಾರ ಹಿಡಿದು ಬ್ಯಾಗನ್ನು ಮೇಲೆ ಕೆಳಗೆ ಆಡಿಸುವುದರಿಂದ ಪ್ರಯೋಜನವಿದೆ ಎಂಬುದಕ್ಕೆ ಕಾರಣವೂ ಇದೇ. ಒಳಗಿನ ಗಾಢ ನೀರು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುತ್ತದೆ.

ಪಿರಮಿಡ್ ಆಕಾರದ ಬ್ಯಾಗ್ ಬಂದದ್ದು ಈ ತೊಂದರೆ ನೀಗಲು. ಬ್ರಿಟನ್ನಿನ ಪಿಜಿ ಟಿಪ್ಸ್ 1996ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಮೂಲೆಗಳು ಎದ್ದು ನಿಲ್ಲುವುದರಿಂದ ಒಳಗೆ ಜಾಗ ಜಾಸ್ತಿ, ಸ್ವಲ್ಪ ದೊಡ್ಡ ಎಲೆಯನ್ನೂ ತುಂಬಬಹುದು. ಇಂತಹ ಬ್ಯಾಗಿನಲ್ಲಿ ಒಳ್ಳೆಯ ಎಲೆ ಇದ್ದರೆ ಬಿಡಿ ಚಹಾಕ್ಕೂ ಅದಕ್ಕೂ ರುಚಿಯ ಅಂತರ ಬಹಳ ಕಡಿಮೆ.

ಇದರ ಇನ್ನೊಂದು ಮುಖವನ್ನು ಎಲೆ ಚಹಾ ಪ್ರಿಯರು ಗಮನಿಸಬೇಕು. ಒಳ್ಳೆಯ ಇಡೀ ಎಲೆ ತಂದು, ಅದನ್ನು ತೂತುಗಳಿರುವ, ನೆಲ್ಲಿಕಾಯಿ ಗಾತ್ರದ ಲೋಹದ ಉಂಡೆಯೊಳಗೆ ತುರುಕಿ ನೀರಿಗೆ ಬಿಟ್ಟರೆ, ಅದು ಲೋಹದ ಟೀ ಬ್ಯಾಗೇ. ಎಲೆ ಅರಳಲಾರದು. ಅಗಲ ಬಾಯಿಯ, ಲೋಟದ ತಳ ಮುಟ್ಟುವ ಜಾಲರಿ ಬುಟ್ಟಿ ಇದಕ್ಕಿಂತ ಎಷ್ಟೋ ವಾಸಿ. ಪಾತ್ರೆಯಲ್ಲಿ ಎಲೆಯನ್ನು ಬಿಡಿಯಾಗಿ ನೆನೆಸಿ, ಆಮೇಲೆ ಸೋಸುವುದು ಎಲ್ಲಕ್ಕಿಂತ ಚೆಂದ.

ಬ್ಯಾಗ್ ಬಂದ ಬಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ರಾಬರ್ಟಾ ಲಾಸನ್ ಮತ್ತು ಮೇರಿ ಮೆಕ್‌ಲಾರೆನ್ ಎಂಬ ಇಬ್ಬರು ಮಹಿಳೆಯರು 1901ರಲ್ಲಿ 'ಚಹಾ ಎಲೆ ಹಿಡಿಕೆ'ಗೆ ಪೇಟೆಂಟ್ ಕೇಳಿದರು. 1903ರಲ್ಲಿ ಅದು ಸಿಕ್ಕಿತು. ಹತ್ತಿ ಬಟ್ಟೆಯ ಜಾಲರಿಯ ಪುಟ್ಟ ಚೀಲ ಅದು. ಒಂದು ಲೋಟಕ್ಕೆ ಬೇಕಾದಷ್ಟೇ ತಾಜಾ ಚಹಾ ಮಾಡಬೇಕು, ದೊಡ್ಡ ಪಾತ್ರೆ ಮಾಡಿ ಉಳಿದದ್ದನ್ನು ಚೆಲ್ಲಬಾರದು ಎಂಬುದು ಅವರ ಉದ್ದೇಶ. ಹೆಚ್ಚು ಪ್ರಚಾರದಲ್ಲಿರುವುದು ನ್ಯೂಯಾರ್ಕಿನ ವ್ಯಾಪಾರಿ ಥಾಮಸ್ ಸಲಿವನ್ 1908ರ ಸುಮಾರಿಗೆ ರೇಷ್ಮೆ ಚೀಲದಲ್ಲಿ ಮಾದರಿ ಕಳಿಸಿದ, ಜನ ಅದನ್ನು ಹಾಗೆಯೇ ನೀರಿಗೆ ಹಾಕಿದರು ಎಂಬ ಕಥೆ. ಪೇಟೆಂಟಿನ ದಾಖಲೆ ಅದಕ್ಕಿಂತ ಮೊದಲಿನದು. ಆ ಇಬ್ಬರ ಹೆಸರು ಇನ್ನಷ್ಟು ಜನರಿಗೆ ಗೊತ್ತಾಗಬೇಕು.

ಜರ್ಮನಿಯ ಟೀಕಾನೆ ಕಂಪನಿಯ ಅಡಾಲ್ಫ್ ರಾಂಬೋಲ್ಡ್ 1949ರ ಹೊತ್ತಿಗೆ ಎರಡು ಅರೆಗಳ ಬ್ಯಾಗನ್ನೂ ಅದನ್ನು ಮಡಚುವ ಯಂತ್ರವನ್ನೂ ರೂಪಿಸಿದರು. ನೀರು ಎರಡೂ ಕಡೆಯಿಂದ ಚಹಾವನ್ನು ತಲುಪುವುದು ಇದರ ಗುಣ. ಬ್ರಿಟನ್ನಿನಲ್ಲಿ ಟೆಟ್ಲಿ 1953ರಲ್ಲಿ ಬ್ಯಾಗ್ ತಂದಿತು. ಮೊದಮೊದಲು ಮೂಗು ಮುರಿದ ಆ ದೇಶದಲ್ಲಿ ಈಗ ಬಹುಪಾಲು ಚಹಾ ತಯಾರಾಗುವುದು ಬ್ಯಾಗಿನಿಂದಲೇ.

ಬ್ಯಾಗ್ ಯಾವುದರಿಂದ ಮಾಡಿದ್ದು?

ಈಗ ಪ್ಲಾಸ್ಟಿಕ್ಕಿನ ಪ್ರಶ್ನೆ. ಟೀ ಬ್ಯಾಗುಗಳೆಲ್ಲ ಒಂದೇ ಬಗೆಯವಲ್ಲ. ಯಾವ ಬ್ಯಾಗ್ ಎಂದು ಹೇಳದೆ 'ಟೀ ಬ್ಯಾಗಿನಲ್ಲಿ ಪ್ಲಾಸ್ಟಿಕ್' ಎಂದರೆ ಅರ್ಧ ಮಾಹಿತಿ ಮಾತ್ರ.

ಸಾಮಾನ್ಯ ಕಾಗದದ ಬ್ಯಾಗಿನಲ್ಲಿ ಇರುವುದು ಮರದ ತಿರುಳು ಮತ್ತು ಅಬಾಕಾ ಎಂಬ ಬಾಳೆ ಜಾತಿಯ ಗಿಡದ ನಾರು. ಅಬಾಕಾ ನಾರು ಒದ್ದೆಯಾದರೂ ಹರಿಯುವುದಿಲ್ಲ, ಅದಕ್ಕೇ ಅದರ ಬಳಕೆ. ಅಂಚುಗಳನ್ನು ಮಡಚಿ, ಪಿನ್ನು ಹೊಡೆದೋ ದಾರದ ಗಂಟು ಹಾಕಿಯೋ ಮುಚ್ಚಿದ ಬ್ಯಾಗಿನಲ್ಲಿ ಅಂಟಿಸಲು ಪ್ಲಾಸ್ಟಿಕ್ ಬೇಕಿಲ್ಲ. ರಾಂಬೋಲ್ಡ್ ಮಾದರಿಯ ಎರಡು ಅರೆಯ ಬ್ಯಾಗುಗಳು ಇಂಥವು.

ಅಂಚನ್ನು ಬಿಸಿಯಿಂದ ಅಂಟಿಸಿದ ಕಾಗದದ ಬ್ಯಾಗುಗಳ ಕಥೆ ಬೇರೆ. ಬರೀ ಕಾಗದ ಬಿಸಿಗೆ ಅಂಟುವುದಿಲ್ಲ. ಅದಕ್ಕಾಗಿ ಕಾಗದದಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಗಳನ್ನು ಬೆರೆಸುತ್ತ ಬಂದಿದ್ದಾರೆ. ಇಂತಹ ಬ್ಯಾಗನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಕಾಗದ ಕೊಳೆತು ಹೋಗುತ್ತದೆ, ತೆಳ್ಳಗಿನ ಬಲೆಯೊಂದು ಉಳಿಯುತ್ತದೆ. ಆ ಬಲೆಯೇ ಪಾಲಿಪ್ರೊಪಿಲೀನ್. ಇತ್ತೀಚೆಗೆ ಹಲವು ಕಂಪನಿಗಳು ಅದರ ಬದಲು ಮೆಕ್ಕೆಜೋಳದಂತಹ ಬೆಳೆಯ ಪಿಷ್ಟದಿಂದ ಮಾಡುವ ಪಿಎಲ್‌ಎ ಬಳಸತೊಡಗಿವೆ.

ಮೂರನೆಯ ಬಗೆ ಹೊಳೆಯುವ, ಪಾರದರ್ಶಕ ಜಾಲರಿಯ ಪಿರಮಿಡ್ ಬ್ಯಾಗ್. ರೇಷ್ಮೆಯಂತೆ ಕಾಣುತ್ತದೆ. ಆದರೆ ಇದು ನೈಲಾನ್, ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಅಥವಾ ಪಿಎಲ್‌ಎ. ಬರಿಗಣ್ಣಿಗೆ ಮೂರರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ತಿಳಿಯುತ್ತದೆ.

ಮೊಬೈಲಿನಲ್ಲಿ ಸುತ್ತುವ ಆ ದೊಡ್ಡ ಸಂಖ್ಯೆ ಬಂದದ್ದು ಈ ಮೂರನೆಯ ಬಗೆಯ ಮೇಲೆ ನಡೆದ ಪ್ರಯೋಗದಿಂದ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ನಥಾಲಿ ತುಫೆಂಕ್‌ಜಿ ಅವರ ತಂಡ 2019ರಲ್ಲಿ ಅದನ್ನು ಪ್ರಕಟಿಸಿತು. ನಾಲ್ಕು ಬಗೆಯ ಪ್ಲಾಸ್ಟಿಕ್ ಬ್ಯಾಗುಗಳಿಂದ ಚಹಾ ತೆಗೆದು, ತೊಳೆದು, ಬರೀ ಬ್ಯಾಗುಗಳನ್ನು 95 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ನೆನೆಸಿದರು. ಒಂದು ಬ್ಯಾಗಿನಿಂದ ಸುಮಾರು 1160 ಕೋಟಿ ಮೈಕ್ರೊಪ್ಲಾಸ್ಟಿಕ್ ಕಣಗಳೂ 310 ಕೋಟಿ ನ್ಯಾನೊಪ್ಲಾಸ್ಟಿಕ್ ಕಣಗಳೂ ಬಂದವು ಎಂದು ವರದಿ ಮಾಡಿದರು. 5 ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರಿಗೆ ಮೈಕ್ರೊಪ್ಲಾಸ್ಟಿಕ್ ಎನ್ನುತ್ತಾರೆ. ನ್ಯಾನೊ ಎಂದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದು.

ಮುಂದಿನ ವರ್ಷವೇ ಜರ್ಮನಿಯ ಕೆಲವು ವಿಜ್ಞಾನಿಗಳು ಈ ಎಣಿಕೆಯನ್ನು ಪ್ರಶ್ನಿಸಿದರು. ಪ್ಲಾಸ್ಟಿಕ್ಕಿನಿಂದ ಬಿಸಿನೀರಿಗೆ ಕರಗಿಬರುವ ಸಣ್ಣ ಅಣುಗಳು, ಅಂದರೆ ಓಲಿಗೋಮರ್‌ಗಳು, ನೀರು ಒಣಗಿದಾಗ ಮತ್ತೆ ಗಟ್ಟಿಯಾಗುತ್ತವೆ. ಎಣಿಸಿದ ಕಣಗಳಲ್ಲಿ ಬಹುಪಾಲು ಇವೇ ಇರಬಹುದು, ನಿಜವಾದ ಪ್ಲಾಸ್ಟಿಕ್ ಚೂರುಗಳ ಸಂಖ್ಯೆ ಬಹಳ ಕಡಿಮೆ ಎಂಬುದು ಅವರ ವಾದ. ಬಿಸಿನೀರಿಗೆ ಬ್ಯಾಗಿನಿಂದ ಏನೋ ಬರುತ್ತದೆ ಎಂಬುದರ ಬಗ್ಗೆ ಎರಡೂ ಕಡೆಯವರಿಗೆ ತಕರಾರಿಲ್ಲ. ಜಗಳ ಇರುವುದು ಅದು ಏನು, ಎಷ್ಟು ಎಂಬುದರ ಮೇಲೆ.

ಆರೋಗ್ಯಕ್ಕೆ ಹಾನಿಯೇ? ಮೆಕ್‌ಗಿಲ್ ತಂಡ ಈ ಕಣಗಳನ್ನು ನೀರುಚಿಗಟ ಎಂಬ ಪುಟ್ಟ ಜಲಜೀವಿಗೆ ಕೊಟ್ಟಾಗ ಅದು ಸಾಯಲಿಲ್ಲ, ಆದರೆ ನಡತೆ ಮತ್ತು ಬೆಳವಣಿಗೆಯಲ್ಲಿ ಏರುಪೇರು ಕಂಡಿತು. ಮನುಷ್ಯರಿಗೆ ಅದೇ ಆಗುತ್ತದೆ ಎಂದು ಇದರಿಂದ ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕುಡಿಯುವ ನೀರಿನ ಮೈಕ್ರೊಪ್ಲಾಸ್ಟಿಕ್ ಬಗ್ಗೆ ವರದಿ ಕೊಟ್ಟಾಗಲೂ ಈಗಿನ ಮಟ್ಟದಲ್ಲಿ ಅಪಾಯಕ್ಕೆ ಪುರಾವೆ ಕಂಡಿಲ್ಲ, ಆದರೆ ಮಾಹಿತಿ ಬಹಳ ಕಡಿಮೆ, ಇನ್ನಷ್ಟು ಅಧ್ಯಯನ ಬೇಕು ಎಂದಿತ್ತು. ಹೆದರಿಕೆ ಹುಟ್ಟಿಸುವ ಸುದ್ದಿಯಲ್ಲಿ ಈ ವರದಿಯ ಮೊದಲ ಮಾತು ಬಿಟ್ಟುಹೋಗುತ್ತದೆ. 'ಏನೂ ಆಗಲ್ಲ' ಎನ್ನುವವರು ಅದರ ಕೊನೆಯ ಮಾತನ್ನು ಬಿಡುತ್ತಾರೆ. ಬೇಡದ ಪ್ಲಾಸ್ಟಿಕ್ಕನ್ನು ಕುದಿಯುವ ನೀರಿಗೆ ಹಾಕದೇ ಇರುವುದು ಸುಲಭವಾಗಿರುವಾಗ, ಹಾಕದೇ ಇರುವುದೇ ಸರಿ ಎಂದು ನನ್ನ ಅನಿಸಿಕೆ. ಅದಕ್ಕಾಗಿ ಬ್ಯಾಗನ್ನೇ ಬಿಡಬೇಕಿಲ್ಲ. ಮಡಚಿ ಪಿನ್ನು ಹೊಡೆದ ಅಥವಾ ಗಂಟು ಹಾಕಿದ ಕಾಗದದ ಬ್ಯಾಗ್ ಆರಿಸಿಕೊಳ್ಳಬಹುದು.

ಪಿಎಲ್‌ಎ ಬಗ್ಗೆ ಒಂದು ಎಚ್ಚರಿಕೆ. ಬೆಳೆಯಿಂದ ಮಾಡಿದ್ದರೂ ಅದೂ ಪ್ಲಾಸ್ಟಿಕ್ಕೇ. ಅದು ಕೊಳೆಯಲು ಸುಮಾರು 60 ಡಿಗ್ರಿಯ ಬಿಸಿ ಬೇಕು. ದೊಡ್ಡ ಗೊಬ್ಬರ ಘಟಕದಲ್ಲಿ ಆ ಬಿಸಿ ಸಿಗುತ್ತದೆ. ಮನೆಯ ಗೊಬ್ಬರದ ಬುಟ್ಟಿಯಲ್ಲಿ ಸಿಗುವುದು ಕಷ್ಟ. ಹೀಗಾಗಿ ಯಾವ ಬ್ಯಾಗ್ ಎಂದು ಖಚಿತವಿಲ್ಲದಿದ್ದರೆ ಹರಿದು ಚರಟವನ್ನು ಗಿಡದ ಬುಡಕ್ಕೆ, ಬ್ಯಾಗನ್ನು ಕಸಕ್ಕೆ ಹಾಕುವುದು ಒಳ್ಳೆಯದು. ಬಿಡಿ ಎಲೆಯಲ್ಲಿ ಈ ರಗಳೆಯೇ ಇಲ್ಲ. ದಾರ, ಚೀಟಿ, ಪಿನ್ನು, ಲಕೋಟೆ ಯಾವುದೂ ಇಲ್ಲ.

ಕೆಫೀನ್ ಯಾವುದರಲ್ಲಿ ಹೆಚ್ಚು?

ಎಲೆಯಲ್ಲಿ ಇರುವ ಕೆಫೀನ್ ಬ್ಯಾಗಿಗೆ ತುಂಬಿದ ಮಾತ್ರಕ್ಕೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಲೋಟಕ್ಕೆ ಎಷ್ಟು ಬರುತ್ತದೆ ಎಂಬುದು ಚಹಾದ ತೂಕ, ಕಣದ ಗಾತ್ರ, ನೀರಿನ ಬಿಸಿ, ನೆನೆಸಿದ ಹೊತ್ತು ಇವುಗಳ ಮೇಲೆ ನಿಂತಿದೆ. ಒಂದೇ ತೂಕ, ಒಂದೇ ಹೊತ್ತು ಎಂದಾದರೆ ಸಣ್ಣ ಕಣ ಬೇಗ ಕೆಫೀನ್ ಬಿಡುತ್ತದೆ. ಮೊದಲ ಅರ್ಧ ನಿಮಿಷದ ನೀರನ್ನು ಚೆಲ್ಲಿಬಿಟ್ಟರೆ ಕೆಫೀನ್ ಹೋಗಿಬಿಡುತ್ತದೆ ಎಂಬ ಸಲಹೆ ಕೇಳಿರಬಹುದು. ಅದು ಸರಿಯಲ್ಲ. ಅಷ್ಟು ಹೊತ್ತಿನಲ್ಲಿ ಹೋಗುವುದು ಸ್ವಲ್ಪ ಪಾಲು ಮಾತ್ರ, ಜೊತೆಗೆ ಪರಿಮಳವೂ ಹೋಗುತ್ತದೆ.

ಮಾಡುವಾಗ, ಇಡುವಾಗ

ಒಂದು ಸಾಮಾನ್ಯ ಬ್ಯಾಗಿನಲ್ಲಿ ಸುಮಾರು 2 ಗ್ರಾಂ ಚಹಾ ಇರುತ್ತದೆ. ಬಿಡಿ ಎಲೆಯಾದರೆ ಚಮಚದ ಲೆಕ್ಕ ಮೋಸ ಮಾಡುತ್ತದೆ. ಒತ್ತಾದ ಸಿಟಿಸಿ ಕಾಳಿನ ಒಂದು ಚಮಚಕ್ಕೂ ಹಗುರವಾದ ಸುರುಳಿ ಎಲೆಯ ಒಂದು ಚಮಚಕ್ಕೂ ತೂಕದಲ್ಲಿ ಬಹಳ ಅಂತರ. ಸುರುಳಿ ಎಲೆ ತೆಳುವಾಯಿತು ಎಂದು ದೂರುವವರು ಎಷ್ಟೋ ಸಲ ಕಡಿಮೆ ಎಲೆ ಹಾಕಿರುತ್ತಾರೆ, ಅಷ್ಟೇ.

ಕಪ್ಪು ಚಹಾಕ್ಕೆ ಕುದಿಯುವ ನೀರು. ಹಸಿರು ಚಹಾಕ್ಕೆ 70ರಿಂದ 80 ಡಿಗ್ರಿ ಸಾಕು. ಹಸಿರು ಚಹಾದ ಬ್ಯಾಗಿಗೆ ಕುದಿಯುವ ನೀರು ಸುರಿದು, ಕಹಿಯಾಯಿತೆಂದು ಚಹಾವನ್ನೇ ಬೈಯುವುದು ಅನ್ಯಾಯ. ಬ್ಯಾಗನ್ನು ಎರಡರಿಂದ ಮೂರು ನಿಮಿಷಕ್ಕೆ ತೆಗೆಯಿರಿ. ಚಮಚಕ್ಕೆ ಸುತ್ತಿ ಹಿಂಡಬೇಡಿ. ಮುದ್ದೆಯೊಳಗೆ ಉಳಿದಿರುವುದು ಬಹಳ ಗಾಢವಾದ, ಒಗರು ರಸ. ಇಡೀ ಎಲೆಗೆ ಮೂರರಿಂದ ಐದು ನಿಮಿಷ ಕೊಡಿ. ಒಳ್ಳೆಯ ಊಲಾಂಗ್ ಎಲೆಗೆ ಎರಡನೆಯ, ಮೂರನೆಯ ಸಲವೂ ನೀರು ಹಾಕಬಹುದು, ರುಚಿ ಬದಲಾಗುತ್ತ ಬರುತ್ತದೆ. ಬ್ಯಾಗ್ ಸಾಮಾನ್ಯವಾಗಿ ಒಂದೇ ಸಲಕ್ಕೆ ಬರಿದಾಗುತ್ತದೆ. ಲೋಟಕ್ಕೆ ತಗಲುವ ಖರ್ಚು ಹೋಲಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗಾಳಿ, ಬೆಳಕು, ತೇವ, ಬಿಸಿ ಮತ್ತು ಪಕ್ಕದ ವಸ್ತುವಿನ ವಾಸನೆ – ಚಹಾಕ್ಕೆ ಇವೆಲ್ಲ ಶತ್ರುಗಳು. ಗಾಜಿನ ಭರಣಿ ನೋಡಲು ಚೆಂದ, ಆದರೆ ಬೆಳಕು ಬೀಳುತ್ತದೆ. ಬಿಗಿ ಮುಚ್ಚಳದ ತಗಡಿನ ಡಬ್ಬ ಮೇಲು. ಒಂದೊಂದನ್ನೂ ಬೇರೆ ಬೇರೆ ಹಾಳೆಯಲ್ಲಿ ಮುಚ್ಚಿದ ಬ್ಯಾಗುಗಳು ತಿಂಗಳುಗಟ್ಟಲೆ ತಾಜಾ ಇರುತ್ತವೆ. ಅಪರೂಪಕ್ಕೆ ಕುಡಿಯುವವರಿಗೆ ಇದು ನಿಜವಾದ ಅನುಕೂಲ. ಪೊಟ್ಟಣ ಒಡೆದು ಆರು ತಿಂಗಳು ಬಿಟ್ಟ ಎಲೆ ಚಹಾಕ್ಕಿಂತ ಹಾಗೆ ಮುಚ್ಚಿಟ್ಟ ಬ್ಯಾಗ್ ಚೆನ್ನಾಗಿರಬಹುದು.

ಮನೆಯಲ್ಲೇ ಒಂದು ಪರೀಕ್ಷೆ

ಚಹಾ ರುಚಿ ನೋಡುವುದಕ್ಕೆ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಕ್ರಮವಿದೆ. 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಚಹಾ, ಆರು ನಿಮಿಷ. ಕುಡಿಯಲು ಇದು ತೀರಾ ಕಡಕ್. ಕುಂದು ಕೊರತೆ ಎದ್ದು ಕಾಣಲಿ ಎಂದೇ ಹಾಗೆ ಮಾಡುವುದು. ಇದೇ ತತ್ವವನ್ನು ಸ್ವಲ್ಪ ಬದಲಿಸಿ ಮನೆಯಲ್ಲಿ ಬಳಸಬಹುದು.

ಒಂದೇ ಅಳತೆಯ ಮೂರು ಲೋಟ ತೆಗೆದುಕೊಳ್ಳಿ. ಮೊದಲನೆಯದಕ್ಕೆ ಬ್ಯಾಗನ್ನು ಹಾಗೆಯೇ ಹಾಕಿ. ಎರಡನೆಯದಕ್ಕೆ ಅದೇ ಪೊಟ್ಟಣದ ಇನ್ನೊಂದು ಬ್ಯಾಗನ್ನು ಕತ್ತರಿಸಿ ಒಳಗಿನ ಚಹಾವನ್ನು ಮಾತ್ರ ಸುರಿಯಿರಿ. ಮೂರನೆಯದಕ್ಕೆ ಅಷ್ಟೇ ತೂಕದ ಇಡೀ ಎಲೆ. ಮೂರಕ್ಕೂ ಒಟ್ಟಿಗೇ ಕುದಿನೀರು ಹಾಕಿ, ಮೂರು ನಿಮಿಷಕ್ಕೆ ಸೋಸಿ. ಹಾಲು, ಸಕ್ಕರೆ ಬೇಡ. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಬ್ಯಾಗಿನ ಇಕ್ಕಟ್ಟಿನದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಚಹಾದ್ದು. ಮೊದಲು ಮೂಸಿ ನೋಡಿ, ಆಮೇಲೆ ಕುಡಿಯಿರಿ. ಸ್ವಲ್ಪ ಆರಿದ ಮೇಲೆ ಇನ್ನೊಮ್ಮೆ ಕುಡಿಯಿರಿ, ಒಗರು ಆಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮೂರನೆಯ ಲೋಟ ತೆಳುವಾಗಿದೆ ಅನಿಸಿದರೆ ಇನ್ನೊಮ್ಮೆ ಮಾಡಿ, ಎಲೆಗೆ ಮಾತ್ರ ಐದು ನಿಮಿಷ ಕೊಟ್ಟು ನೋಡಿ.